ಬದಲಾಗದು ಎಂದು ಬರೆದ ಸಾಲು

ಜುಲೈ 7, ಸೋಮವಾರ

ಲೆಕ್ಕ ಓಡುತ್ತಿದೆ. ಮುಗಿಯಲು ಇನ್ನೂ ಐವತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಅದಕ್ಕೇ ಈ ನೋಟ್‌ಬುಕ್ ತೆರೆದು ಕೂತಿದ್ದೇನೆ.

ಮಳೆ ಹಿಡಿದಾಗಿನಿಂದ ದಿನಕ್ಕೆ ನಾಲ್ಕು ಸಲ ಇದೇ ಪಾಡು. ನದಿ ಈಗ ಎಷ್ಟಿದೆ, ಮೇಲಿನ ಬೆಟ್ಟಗಳಲ್ಲಿ ಎಷ್ಟು ಮಳೆ ಬಿದ್ದಿದೆ ಎಂದು ತುಂಬಿಸಿದರೆ, ಮುಂದಿನ ಆರು ಗಂಟೆಗಳಲ್ಲಿ ನೀರು ಎಲ್ಲಿಗೆ ಏರುತ್ತದೆ ಎಂದು ಪ್ರೋಗ್ರಾಂ ಹೇಳುತ್ತದೆ. ಒಂಬತ್ತು ವರ್ಷದ ಹಿಂದೆ ನಾನೇ ಬರೆದದ್ದು. ಆಗ ಹೊಳೆಬೀದಿಯಲ್ಲಿ ಹತ್ತಿಪ್ಪತ್ತು ಮನೆಗಳಿದ್ದವು, ಈಗ ನೂರಾ ನಲವತ್ತಿವೆ. ಆರು ಗಂಟೆ ಮುಂದಿನ ಸುದ್ದಿ ಹೇಳಲು ಒಂದು ಗಂಟೆ ಹನ್ನೆರಡು ನಿಮಿಷ ತೆಗೆದುಕೊಂಡರೆ ಗಂಟುಮೂಟೆ ಕಟ್ಟುವವರಿಗೆ ಉಳಿಯುವುದೆಷ್ಟು?

ಸಾಹೇಬರು ಇವತ್ತು ಮೇಜಿನ ಪಕ್ಕ ಬಂದು ನಿಂತು ಹೇಳಿದರು: “ನದಿ ಏರೋಕೆ ಮುಂಚೆ ಹೇಳಬೇಕು ಕಣಮ್ಮ. ಏರಿದ ಮೇಲೆ ನಾವೇನು ಹೇಳೋದು, ಅವರ ಕಾಲೇ ಹೇಳುತ್ತೆ. ಹದಿನೈದು ನಿಮಿಷಕ್ಕೆ ಇಳಿಸು.” ಹೇಳುವವರಿಗೇನು, ಬಾಯಿ ಇದೆ.

ಬೆಳಿಗ್ಗೆ ಎಂದಿನಂತೆ ಕೋಲಜ್ಜ ಫೋನ್ ಮಾಡಿದ. ಸೇತುವೆಯ ಹತ್ತಿರ ನೀರಿನಲ್ಲಿ ಅಳತೆಗೋಲು ನೆಟ್ಟಿದೆ. ಅದನ್ನು ನೋಡಿ ನೀರಿನ ಮಟ್ಟ ಹೇಳುವುದು ಅವನ ಕೆಲಸ. ಅಜ್ಜನೇನೂ ಅಲ್ಲ, ಐವತ್ತೆಂಟು. ಆಫೀಸಿನವರು ಇಟ್ಟ ಹೆಸರು. ಅಂಕಿ ಒಂದನ್ನು ಹೇಳಲು ಐದು ನಿಮಿಷ ಬೇಕು ಮಹಾರಾಯನಿಗೆ. ನೀರಿನ ಬಣ್ಣ ಹೇಳುತ್ತಾನೆ, ಯಾವ ಹಕ್ಕಿ ಬಂತು ಹೇಳುತ್ತಾನೆ, ಕೊನೆಗೆ ಅಂಕಿ. ಮಳೆಯಲ್ಲಿ ದಂಡೆಗೆ ಹೋಗುವುದೇ ಇಲ್ಲ, ಮನೆಯಲ್ಲಿ ಹೊದ್ದು ಮಲಗಿ ಬಾಯಿಗೆ ಬಂದದ್ದು ಹೇಳುತ್ತಾನೆ ಎಂದು ಕ್ಯಾಂಟೀನಿನಲ್ಲಿ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಜುಲೈ 9, ಬುಧವಾರ

ಯಾಕೆ ನಿಧಾನ ಎಂದು ಗೊತ್ತಾಯಿತು. ಗುಡ್ಡ ಅಗೆದು ಇಲಿ ಹಿಡಿದೆ. ಇಲಿಯೂ ನಾನೇ ಸಾಕಿದ್ದು.

ಹೊಳೆಯ ಅಗಲ, ತಳದ ಇಳಿಜಾರು, ಸೇತುವೆಯ ಎತ್ತರ, ಕೋಲಿನ ತಿದ್ದುಪಡಿ ಹೀಗೆ ಹನ್ನೊಂದು ಅಂಕಿಗಳನ್ನು ಪ್ರೋಗ್ರಾಮಿನ ಮೊದಲಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಗ್ಲೋಬಲ್ ವೇರಿಯಬಲ್ ಎನ್ನುತ್ತಾರೆ. ಯಾವ ಮೂಲೆಯಿಂದ ಬೇಕಾದರೂ ನೋಡಬಹುದು, ಯಾರು ಬೇಕಾದರೂ ಬದಲಿಸಬಹುದು. ನಾನು ಬಳಸುವ ಭಾಷೆಯಲ್ಲಿ ಇದು ಪೂರ್ಣಾಂಕ, ಇದು ದಶಮಾಂಶ, ಇದು ಅಕ್ಷರ ಎಂದು ಮೊದಲೇ ಹೇಳಬೇಕಿಲ್ಲ. ನಾನು ಬರೆದದ್ದನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರೇ ಸುತ್ತಮುತ್ತ ನೋಡಿ ಊಹಿಸುತ್ತದೆ. ಊಹೆ ಗಟ್ಟಿಯಾದರೆ ಅದಕ್ಕೆ ತಕ್ಕಂತೆ ಚುರುಕಾಗಿ ಓಡುವ ಯಂತ್ರಭಾಷೆಗೆ ಇಳಿಸುತ್ತದೆ. ಆದರೆ ಎಲ್ಲರ ಕೈಗೂ ಸಿಗುವ ಅಂಕಿಯ ವಿಷಯದಲ್ಲಿ ಅದು ಏನೆಂದು ಊಹಿಸೀತು? ಈಗ ದಶಮಾಂಶವಿರುವ ಕಡೆ ಮರುಕ್ಷಣ ಯಾರಾದರೂ ಅಕ್ಷರ ತುಂಬಿಸಿಟ್ಟರೆ? ಹಾಗಾಗಿ ಪ್ರತಿ ಸಲವೂ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಏನಿದೆ ಎಂದು ನೋಡಿ, ಆಮೇಲೆ ಕೂಡಿಸುತ್ತದೆ. ಒಂದು ಓಟದಲ್ಲಿ ಹೀಗೆ ಕೋಟ್ಯಂತರ ಸಲ. ಪಾಪ, ಅದಕ್ಕೂ ಸುಸ್ತಾಗಿರಬೇಕು.

ನನಗಂತೂ ಅಷ್ಟು ತಾಳ್ಮೆಯಿಲ್ಲ. ಅಕ್ಕನಿಗೆ ಸ್ಟ್ರೋಕ್ ಆಗಿ ಮೂರು ತಿಂಗಳಾಯಿತು. ಬಲಗೈ ಅಷ್ಟಿಷ್ಟು ಏಳುತ್ತದೆ, ಮಾತು ಏಳುತ್ತಿಲ್ಲ. ಮಾತು ಕಲಿಸಲು ಬರುವಾಕೆ ಹೇಳಿದ್ದಾಳೆ: “ಅವರ ಮಾತನ್ನ ನೀವು ಮುಗಿಸಬೇಡಿ. ಇಪ್ಪತ್ತು ಎಣಿಸಿ, ಕಾಯಿರಿ.” ಏಳೂಕಾಲಿನ ಬಸ್ಸು ನನಗಾಗಿ ಇಪ್ಪತ್ತು ಎಣಿಸುತ್ತದೆಯೇ? ಬೆಳಿಗ್ಗೆ ಅಕ್ಕ “ಇ... ಇದು...” ಎನ್ನುವಷ್ಟರಲ್ಲಿ ಹಾಲಿನ ಲೋಟ ಕೈಗೆ ಕೊಟ್ಟೆ, ದಿಂಬು ಸರಿಮಾಡಿದೆ, ಕಿಟಕಿ ಹಾಕಿದೆ. ಅವಳಿಗೆ ಏನು ಬೇಕೆಂದು ನನಗೆ ಗೊತ್ತಿಲ್ಲವೇ? ನಲವತ್ತೇಳು ವರ್ಷ ಒಂದೇ ಮನೆಯಲ್ಲಿ ಬದುಕಿದ್ದೇವೆ.

ಜುಲೈ 11, ಶುಕ್ರವಾರ

ನಾಲ್ಕು ನಿಮಿಷ!

ಮಾಡಿದ್ದು ಇಷ್ಟೇ: ಹನ್ನೊಂದು ಅಂಕಿಗಳ ಹಿಂದೆಯೂ ಒಂದೊಂದು ಪದ ಸೇರಿಸಿದೆ. ‘ಇದು ಬದಲಾಗದು’ ಎಂಬ ಅರ್ಥದ ಪದ. ಮಾತು ಕೊಟ್ಟ ಮೇಲೆ ಕಂಪೈಲರ್ ನಂಬಿತು. ಮುಚ್ಚಳ ತೆಗೆಯುವುದನ್ನು ಬಿಟ್ಟಿತು, ಅಂಕಿಗಳನ್ನು ಯಂತ್ರಭಾಷೆಯೊಳಗೇ ಹೊಲಿದುಬಿಟ್ಟಿತು.

ಹತ್ತು ಅಂಕಿಗಳು ನಿಜಕ್ಕೂ ಬದಲಾಗುವಂಥವಲ್ಲ. ಹನ್ನೊಂದನೆಯದು ಕೋಲಿನ ತಿದ್ದುಪಡಿ. ಕೋಲು ಜರುಗಿದರೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬ ಅಂಕಿ. ಎರಡು ವರ್ಷದಿಂದ ಸೊನ್ನೆಯೇ ಇದೆ. ಅದೊಂದನ್ನು ಬೇರೆಯಾಗಿ, ಪ್ರತಿ ಓಟಕ್ಕೂ ಕೇಳಿ ಪಡೆಯುವ ಹಾಗೆ ಬರೆಯಬೇಕಿತ್ತು. ಬರೆದರಾಯಿತು, ಮುಂದಿನ ವಾರ. ಇವತ್ತು ತಲೆ ಓಡುತ್ತಿಲ್ಲ.

ಸಾಹೇಬರು ಕೇಕು ತರಿಸಿದರು. ಅಕ್ಕನಿಗೂ ಒಂದು ತುಂಡು ತಂದೆ. ಅವಳು ಏನೋ ಹೇಳಲು ಹೊರಟಳು. “ಗೊತ್ತು, ಸಕ್ಕರೆ ಜಾಸ್ತಿ ಅಂತೀಯ. ಒಂದು ದಿನ ತಿನ್ನು” ಎಂದೆ.

ಜುಲೈ 16, ಬುಧವಾರ

ಬರೆಯಲು ಹೊತ್ತೇ ಸಿಗುತ್ತಿಲ್ಲ. ಲೆಕ್ಕ ನಾಲ್ಕೇ ನಿಮಿಷದಲ್ಲಿ ಮುಗಿಯುತ್ತದೆ ಎಂದು ಪಕ್ಕದ ಎರಡು ಹೊಳೆಗಳನ್ನೂ ನನ್ನ ತಲೆಗೆ ಕಟ್ಟಿದ್ದಾರೆ. ದುಡಿಯುವ ಎತ್ತಿಗೇ ಇನ್ನೆರಡು ಹೇರು. ಬಸ್ಸಿನಲ್ಲಿ ನಿಂತು ಗೀಚುತ್ತಿದ್ದೇನೆ.

ಜುಲೈ 19, ಶನಿವಾರ

ಬೆಳಿಗ್ಗೆ ಒಂದು ಕಿವಿಯಲ್ಲಿ ಅಕ್ಕನ ನರ್ಸ್, ಇನ್ನೊಂದರಲ್ಲಿ ಕೋಲಜ್ಜ. ನರ್ಸ್ ಸೋಮವಾರದಿಂದ ಬರುವುದಿಲ್ಲವಂತೆ.

ಕೋಲಜ್ಜನದು ದೊಡ್ಡ ಪುರಾಣ. ಮರದ ದಿಮ್ಮಿಯೊಂದು ತೇಲಿ ಬಂದು ಕೋಲಿಗೆ ಸಿಕ್ಕಿಹಾಕಿಕೊಂಡಿತು, ಕೋಲು ಮೇಲಕ್ಕೆ ಕಿತ್ತು ಬಂತು, ಅವನು ಹಗ್ಗ ಕಟ್ಟಿಕೊಂಡು ಇಳಿದ, ಸೇತುವೆಯ ಕಂಬದ ಗುರುತಿಗೆ ಹೋಲಿಸಿ ನೋಡಿದ. “ಹದಿನೆಂಟು ಸೆಂಟಿಮೀಟರ್ ಎದ್ದಿದೆ ಅಮ್ಮ. ಕೋಲು ಕಮ್ಮಿ ತೋರಿಸ್ತಿದೆ. ಹದಿನೆಂಟು ಕೂಡಿಸ್ಕೊಳ್ಳಿ, ಮರೀಬೇಡಿ.”

“ಆಯ್ತು, ಹಾಕ್ದೆ” ಎಂದು ಆಗಲೇ ಹಾಕಿದೆ. ಪ್ರೋಗ್ರಾಮನ್ನು ನಾವು ಮುಚ್ಚುವುದೇ ಇಲ್ಲ, ವಾರಗಟ್ಟಲೆ ತೆರೆದೇ ಇರುತ್ತದೆ. ಅಲ್ಲೇ ಹೊಸ ಅಂಕಿ ಬರೆದೆ. ಹಳದಿ ಬಣ್ಣದಲ್ಲಿ ಏನೋ ಒಂದು ಎಚ್ಚರಿಕೆಯ ಸಾಲು ಬಂತು. ದಿನಕ್ಕೆ ಅಂಥವು ನೂರು ಬರುತ್ತವೆ.

ನರ್ಸ್ ಇಲ್ಲದೆ ಸೋಮವಾರ ಏನು ಮಾಡುವುದು?

ಜುಲೈ 21, ಸೋಮವಾರ

ಮಧ್ಯಾಹ್ನ ಹೊಳೆಬೀದಿಗೆ ನೀರು ನುಗ್ಗಿತು.

ಬೀದಿಯ ಅಂಚಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ ಎಂದು ನಮ್ಮ ಲೆಕ್ಕ ಹೇಳಿತ್ತು. ಅದನ್ನು ನಂಬಿ ಯಾರಿಗೂ ಏಳಿ ಎನ್ನಲಿಲ್ಲ. ಬೀದಿಗಿಂತ ತಗ್ಗಿನಲ್ಲಿರುವ ನಲವತ್ತು ಮನೆಗಳ ಒಳಗೆ ಮೊಣಕಾಲುದ್ದ ನೀರು. ಹಾಸಿಗೆ, ಪುಸ್ತಕ, ಹೊಲಿಗೆ ಯಂತ್ರ ಎಲ್ಲ ನೀರುಪಾಲಾದವಂತೆ. ಪ್ರಾಣ ಹೋಗಿಲ್ಲ. ತಾಯಿಯನ್ನು ಹೊತ್ತುಕೊಂಡು ಮಹಡಿ ಹತ್ತುತ್ತಿದ್ದ ಬೇಕರಿಯವನು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾನೆ.

ನಾನು ಬೇಡಿಕೊಂಡ ಮೇಲೆ ಪಕ್ಕದ ಮನೆಯಾಕೆ ಹಗಲು ಅಕ್ಕನ ಹತ್ತಿರ ಕೂತಿದ್ದಳು. ಮನೆಗೆ ಬಂದು ಅಕ್ಕನಿಗೆ ಊಟ ಮಾಡಿಸಿ ಹಾಗೇ ಗೋಡೆಗೆ ಒರಗಿದೆ. ಅಳು ಕೂಡ ಬರುತ್ತಿಲ್ಲ.

ಜುಲೈ 23, ಬುಧವಾರ

ಮೇಲಿನವರು ಕಾರಣ ಕೇಳಿದ್ದಾರೆ. ನೀರು ನಿಂತ ಗುರುತಿಗೂ ನಮ್ಮ ಅಂಕಿಗೂ ಹೆಚ್ಚುಕಡಿಮೆ ಒಂದು ಗೇಣು ವ್ಯತ್ಯಾಸ. ಸಾಹೇಬರು ನನ್ನನ್ನು ಕರೆದರು. “ತಿದ್ದುಪಡಿ ಹಾಕಿದ್ಯಾ?” ಹಾಕಿದ್ದೇನೆ ಸರ್ ಎಂದೆ. ಅವರ ಎದುರಿಗೇ ತಿದ್ದುಪಡಿ ಎಷ್ಟು ಎಂದು ಕಂಪ್ಯೂಟರನ್ನು ಕೇಳಿದೆ. 18 ಎಂದು ತೋರಿಸಿತು.

“ಹಾಗಾದ್ರೆ ಮುದುಕ ಕೊಟ್ಟ ಅಂಕಿಯೇ ಸುಳ್ಳು. ದಂಡೆಗೆ ಹೋಗದೇ ಹೇಳಿದಾನೆ. ಪ್ರೋಗ್ರಾಂ ಸರಿಯಾಗಿದೆ ಅಂತ ಒಂದು ಪುಟ ಬರೆದುಕೊಡು.”

ಬರೆದುಕೊಟ್ಟೆ. ಸುಳ್ಳೇನೂ ಬರೆದಿಲ್ಲ, ಕಣ್ಣಾರೆ ನೋಡಿದ್ದನ್ನು ಬರೆದೆ. ಮುದುಕನನ್ನು ಅಮಾನತಿನಲ್ಲಿಟ್ಟರು. ಆಗಸ್ಟ್ ಐದಕ್ಕೆ ವಿಚಾರಣೆ. ತಪ್ಪು ಸಾಬೀತಾದರೆ ಕೆಲಸವೂ ಹೋಯಿತು, ಇಪ್ಪತ್ತೊಂಬತ್ತು ವರ್ಷದ ಸೇವೆಯೂ ಹೋಯಿತು. ಬೇಸರದ ವಿಷಯವೇ. ಆದರೆ ಮಳೆಯಲ್ಲಿ ಹೊದ್ದು ಮಲಗುವಾಗ ಯೋಚಿಸಬೇಕಿತ್ತು.

ಜುಲೈ 24, ಗುರುವಾರ

ಸುಸ್ತು. ಹೊಸ ನರ್ಸ್ ಸಿಕ್ಕಿದಳು. ಅಷ್ಟೇ.

ಜುಲೈ 28, ಸೋಮವಾರ

ಕೋಲಜ್ಜ ಆಫೀಸಿಗೆ ಬಂದಿದ್ದ. ಇಷ್ಟು ವರ್ಷ ಬರೀ ದನಿ ಕೇಳಿದ್ದೆ, ಮುಖ ನೋಡಿದ್ದು ಇದೇ ಮೊದಲು. ಬಡಕಲು ಆಳು. ಎರಡೂ ಅಂಗೈಗಳಲ್ಲಿ ಹಗ್ಗ ಎಳೆದ ಗಾಯ, ಇನ್ನೂ ಪೂರ್ತಿ ಮಾಗಿಲ್ಲ. ಪ್ಲಾಸ್ಟಿಕ್ ಚೀಲದಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟ.

“ಬೇರೇನೂ ಕೇಳಲ್ಲ ಅಮ್ಮ. ಅವತ್ತಿನ ನನ್ನ ಅಂಕಿಗಳನ್ನ ಇನ್ನೊಂದು ಸಲ ಹಾಕಿ ನೋಡಿ. ತಪ್ಪು ಬಂದ್ರೆ ತಪ್ಪು ಅಂತ ಹೇಳ್ಬಿಡಿ, ನಾನು ಸಹಿ ಮಾಡಿ ಹೋಗ್ತೀನಿ.”

ಬೇಗ ಕಳಿಸಿದರೆ ಸಾಕು ಎಂದು ಹಾಕಿದೆ. ನಿನ್ನೆ ಭಾನುವಾರ ಎಲೆಕ್ಟ್ರಿಷಿಯನ್ ತಂತಿ ಬದಲಿಸಲು ಎಲ್ಲವನ್ನೂ ಆರಿಸಿದ್ದ, ಹಾಗಾಗಿ ಪ್ರೋಗ್ರಾಮನ್ನು ಮೊದಲಿನಿಂದ ಶುರುಮಾಡಬೇಕಾಯಿತು. ತಿದ್ದುಪಡಿಯ ಸಾಲಿನಲ್ಲಿ 18 ಎಂದು ಬರೆದೇ ಶುರುಮಾಡಿದೆ. ನಾಲ್ಕು ನಿಮಿಷ. ಅವರು ಗಾಯದ ಕೈಗಳನ್ನು ಮಡಿಲಲ್ಲಿಟ್ಟು ಎದುರಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಹೊಳೆಬೀದಿಯ ಅಂಚು ದಾಟಿ ಅರ್ಧ ಗೇಣು ಮೇಲಕ್ಕೆ. ನೀರು ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಗೇ.

ಅದೇ ಪ್ರೋಗ್ರಾಂ, ಅದೇ ಅಂಕಿಗಳು. ಉತ್ತರ ಮಾತ್ರ ಬೇರೆ. ಅವರಿಗೆ ಪರದೆ ಕಾಣುತ್ತಿರಲಿಲ್ಲ.

“ಏನ್ ಬಂತಮ್ಮ?”

“ಹೋಗಿ ಬನ್ನಿ. ನಾನು ಇನ್ನೊಂಚೂರು ನೋಡಬೇಕು” ಎಂದೆ. ಅವರು ರಿಜಿಸ್ಟರನ್ನು ಚೀಲದೊಳಗೆ ಸುತ್ತಿಕೊಂಡು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು ಹೋದರು.

ಜುಲೈ 29, ಮಂಗಳವಾರ

ಮೂರು ಸಲ ಪರೀಕ್ಷಿಸಿದೆ. ಅನುಮಾನವಿಲ್ಲ.

ನಾನು ‘ಇದು ಬದಲಾಗದು’ ಎಂದು ಬರೆದುಕೊಟ್ಟಿದ್ದೆ. ಕಂಪೈಲರ್ ಸೊನ್ನೆಯನ್ನು ಒಳಗೇ ಹೊಲಿದುಕೊಂಡಿತ್ತು. ಶನಿವಾರ ನಾನು 18 ಬರೆದಾಗ ಹೊರಗಿನ ಹೆಸರಿಗೆ 18 ಅಂಟಿತು. ಕೇಳಿದರೆ 18 ಎಂದೇ ಹೇಳುತ್ತಿತ್ತು. ಆದರೆ ಆಗಲೇ ಸಿದ್ಧವಾಗಿದ್ದ ಲೆಕ್ಕದ ಹೊಟ್ಟೆಯಲ್ಲಿ ಸೊನ್ನೆಯೇ ಉಳಿದಿತ್ತು. ‘ಹಿಂದೆ ಸಿದ್ಧಪಡಿಸಿದ ಭಾಗಗಳು ಹಳೆಯ ಬೆಲೆಯನ್ನೇ ಬಳಸಬಹುದು’ ಎಂದು ಆ ಹಳದಿ ಸಾಲು ಸ್ಪಷ್ಟವಾಗಿಯೇ ಹೇಳುತ್ತದೆ. ಇವತ್ತು ಮೊದಲ ಸಲ ಪೂರ್ತಿ ಓದಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಕಾಯಿಸಿಕೊಟ್ಟವಳೇ ನಾನು.

ಸಾಹೇಬರ ಬಾಗಿಲ ತನಕ ಹೋಗಿ ಬಂದೆ. ಫೋನಿನಲ್ಲಿ ಇದ್ದರು. ನಾನು ಕಾಯಬಹುದಿತ್ತು.

ಜುಲೈ 31, ಗುರುವಾರ

ಹೇಳಲಿಲ್ಲ. ನನ್ನ ಸಂಬಳ ನಿಂತರೆ ಅಕ್ಕನ ಗತಿ ಏನು? ಹೀಗೆ ಯೋಚಿಸುವುದು ಸುಲಭ. ಎಲ್ಲದಕ್ಕೂ ಅಕ್ಕನನ್ನು ಮುಂದೆ ಮಾಡುವುದು ನನಗೆ ಅಭ್ಯಾಸವಾಗಿದೆ.

ಆಗಸ್ಟ್ 2, ಶನಿವಾರ

ಇವತ್ತು ರಜೆ ಹಾಕಿದ್ದೇನೆ, ಬಸ್ಸಿನ ಗಡಿಬಿಡಿಯಿಲ್ಲ. ಬೆಳಿಗ್ಗೆ ಹಾಲಿನ ಲೋಟ ಕೊಟ್ಟೆ. ಅಕ್ಕ ಎಡಗೈಯಲ್ಲಿ ಅದನ್ನು ದೂರ ತಳ್ಳಿದಳು. ಬಾಯಿ ತೆರೆದಳು. ಎಲ್ಲಿಗೂ ಹೋಗಬೇಕಾಗಿರಲಿಲ್ಲವಲ್ಲ, ಸುಮ್ಮನೆ ಕೂತೆ. ಎಷ್ಟು ಎಣಿಸಿದೆನೋ ಗೊತ್ತಿಲ್ಲ.

“ಹಾ... ಹಾಲು... ಬೇಡ.”

“ಇವತ್ತು ಬೇಡ್ವಾ?”

“ಯಾ... ವತ್ತೂ.”

ಸ್ಟ್ರೋಕ್ ಆದ ಮೊದಲ ವಾರ ಬೇರೇನೂ ಗಂಟಲಿಗೆ ಇಳಿಯುತ್ತಿರಲಿಲ್ಲ, ಹಾಲು ಎಂದು ಸನ್ನೆ ಮಾಡಿದ್ದಳು. ಅವತ್ತಿನಿಂದ ದಿನಾ ಹಾಲು ಕುಡಿಸಿದ್ದೇನೆ. ನಾಲ್ಕು ತಿಂಗಳಾಗುತ್ತ ಬಂತು.

“ಮೊದಲೇ ಹೇಳೋದಲ್ವೇನೇ!” ಎಂದು ರೇಗಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ಸೊಟ್ಟ ಬಾಯಲ್ಲಿ, ಭುಜ ಕುಲುಕುವಷ್ಟು. ನನಗೂ ಬಂತು. ನಗುನಗುತ್ತಲೇ ಅತ್ತುಬಿಟ್ಟೆ. ಟೀ ಬೇಕಂತೆ. ಗಟ್ಟಿ ಟೀ, ಸಕ್ಕರೆ ಇಲ್ಲದ್ದು. ಮಾಡಿಕೊಟ್ಟೆ.

ಟೀ ಕುಡಿಯುವಾಗ ಎಲ್ಲವನ್ನೂ ಹೇಳಿಬಿಟ್ಟೆ. ಪದ, ಸೊನ್ನೆ, ಹಳದಿ ಸಾಲು, ಸಹಿ ಮಾಡಿದ ಪುಟ. ಅಕ್ಕನಿಗೆ ಕಂಪ್ಯೂಟರ್ ಗೊತ್ತಿಲ್ಲ. ಮೂವತ್ತು ವರ್ಷ ದರ್ಜಿ ಕೆಲಸ ಮಾಡಿದವಳು. ಆದರೆ ಹಳೇ ಅಳತೆ ನಂಬಿ ಬಟ್ಟೆ ಕತ್ತರಿಸಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಿಲ್ಲ. ಖಾಯಂ ಗಿರಾಕಿ ಬಂದರೂ ಟೇಪು ಹಿಡಿಯದೆ ಕತ್ತರಿ ಎತ್ತಿದವಳಲ್ಲ.

ಬಹಳ ಹೊತ್ತಾದ ಮೇಲೆ ಕೇಳಿದಳು. “ಅವ... ರಿಗೆ... ಹೇ... ಹೇಳಿದ್ಯಾ ಪುಟ್ಟಿ?”

“ಸಾಹೇಬರಿಗಾ? ಇನ್ನೂ ಇಲ್ಲ.”

ಅಲ್ಲ ಎಂದು ತಲೆ ಆಡಿಸಿದಳು. ಅವಳು ಕೇಳಿದ್ದು ಕೋಲಿನವರಿಗೆ ಹೇಳಿದೆಯಾ ಎಂದು.

ಇಲ್ಲ ಎಂದೆ. ಲೋಟ ಖಾಲಿಯಾಗಿತ್ತು, ಇನ್ನೊಂದು ಬೇಕಾ ಎಂದು ಕೇಳಿದೆ. ಯೋಚಿಸಿ ಬೇಡ ಎಂದಳು.

ಆಗಸ್ಟ್ 4, ಸೋಮವಾರ

ತಿದ್ದುಪಡಿಯನ್ನು ಆ ಸಾಲುಗಳಿಂದ ತೆಗೆದು, ಪ್ರತಿ ಓಟದ ಆರಂಭದಲ್ಲಿ ಒಮ್ಮೆ ಕೇಳಿ ಲೆಕ್ಕದ ಕೈಗೆ ಕೊಡುವ ಹಾಗೆ ಬರೆದೆ. ಹೀಗೆ ಕೈಗೆ ಕೊಟ್ಟರೆ ಅದು ಏನೆಂದು ಕಂಪೈಲರಿಗೆ ಆಗಲೇ ತಿಳಿಯುತ್ತದೆ, ಮತ್ತೆ ಮತ್ತೆ ಮುಚ್ಚಳ ತೆಗೆಯಬೇಕಾಗಿಲ್ಲ. ಎಷ್ಟು ನಿಧಾನವಾಗುತ್ತದೋ ಎಂದು ಹೆದರಿದ್ದೆ. ನಾಲ್ಕೇ ನಿಮಿಷ. ಒಂದು ಸೆಕೆಂಡೂ ಹೆಚ್ಚಾಗಲಿಲ್ಲ.

ಒಂದು ಸಲ ಕೇಳಿದ್ದರೆ ಏನೂ ಖರ್ಚಾಗುತ್ತಿರಲಿಲ್ಲ. ಹೊಸ ಪುಟ ಬರೆದಿದ್ದೇನೆ, ಹಳೆಯದು ತಪ್ಪು ಎಂದು. ಕೋಲಿನವರ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡುವ ಧೈರ್ಯ ಬರಲಿಲ್ಲ.

ಆಗಸ್ಟ್ 5, ಮಂಗಳವಾರ

ವಿಚಾರಣೆ ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ. ಸಾಹೇಬರು, ಮೇಲಿನಿಂದ ಬಂದ ಇಬ್ಬರು, ನಾನು, ಕೋಲಿನವರು. ಅವರು ಒಗೆದು ಮಡಿಸಿದ ಅಂಗಿ ಹಾಕಿದ್ದರು, ಕಳೆದ ಸಲ ಇರದಿದ್ದ ಕನ್ನಡಕ ಹಾಕಿದ್ದರು. ಎಂಟೇ ದಿನಗಳಲ್ಲಿ ಮುಖ ಇಷ್ಟು ಬದಲಾಗುತ್ತದೆಯೇ ಅನ್ನಿಸಿತು.

ಅವರನ್ನು ಕೇಳುವ ಮೊದಲೇ ನಾನು ಎದ್ದು ನಿಂತೆ. ಕಾಗದದಲ್ಲಿ ಬರೆದುಕೊಂಡದ್ದು ಒಂದೂ ಓದಲಾಗಲಿಲ್ಲ, ಬಾಯಲ್ಲೇ ಹೇಳಿದೆ. ಅಂಕಿ ಸರಿಯಿತ್ತು, ಅವರು ದಂಡೆಗೆ ಇಳಿದೇ ಓದಿದ್ದರು, ಸರಿಯಾಗಿಯೇ ಹೇಳಿದ್ದರು, ನುಂಗಿದ್ದು ನಾನು ಬರೆದ ಸಾಲು. ಮೇಲಿನವರಲ್ಲಿ ಒಬ್ಬರು, “ಬರೀ ಒಂದು ಪದದಿಂದ ಇಷ್ಟೆಲ್ಲ ಆಯ್ತಾ?” ಎಂದರು. ಹೌದು ಎಂದೆ. ಸಾಹೇಬರು ನನ್ನ ಕಡೆ ನೋಡಲೇ ಇಲ್ಲ. ಅಮಾನತು ಅಲ್ಲೇ ರದ್ದಾಯಿತು, ನಾಳೆಯಿಂದ ಅವರು ಕೆಲಸಕ್ಕೆ ಬರಬಹುದು. ನನ್ನ ಮೇಲೆ ಏನು ಕ್ರಮ ಎಂದು ಆಮೇಲೆ ತಿಳಿಸುತ್ತಾರಂತೆ.

ಹೊರಗೆ ಮೆಟ್ಟಿಲ ಹತ್ತಿರ ಅವರು ನಿಂತಿದ್ದರು. ನನಗಾಗಿ ಕಾಯುತ್ತಿದ್ದರು. ಧನ್ಯವಾದ ಹೇಳುತ್ತಾರೇನೋ ಎಂದುಕೊಂಡೆ. ಛೀ, ಹಾಗೆ ಅಂದುಕೊಂಡದ್ದನ್ನೂ ಬರೆದಿಡುತ್ತೇನೆ.

“ಅವತ್ತು ನಾನು ಎದುರಿಗೇ ಕೂತಿದ್ದೆ” ಎಂದರು. “ಅವತ್ತೇ ಗೊತ್ತಾಯ್ತಾ ನಿಮಗೆ?”

ಪೂರ್ತಿ ಗೊತ್ತಾಗಿದ್ದು ಮರುದಿನ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು ಆ ಮಾತು. “ಗೊತ್ತಾಯ್ತು” ಎಂದೆ.

ಅವರು ತಲೆ ಆಡಿಸಿದರು. ಸಿಟ್ಟೇನೂ ಕಾಣಲಿಲ್ಲ.

“ಕೆಲಸ ಹೋದ್ರೆ ಹೋಗಲಿ ಅಂದ್ಕೊಂಡೆ ಅಮ್ಮ. ಆದ್ರೆ ನೀವು ಸುಮ್ಮನಾದ್ರಲ್ಲ, ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂತು. ಕಂಪ್ಯೂಟರೂ ನಾನು ಓದಿದ್ದು ತಪ್ಪು ಅಂತಲೇ ಹೇಳ್ತಿರಬೇಕು, ಅದಕ್ಕೇ ಪಾಪ ಅಮ್ಮ ಹೇಳೋಕಾಗ್ದೆ ಕಳಿಸಿದ್ರು ಅಂತ. ದಿನಾ ಬೆಳಿಗ್ಗೆ ದಂಡೆಗೆ ಹೋಗೋದು, ಓದೋದು. ಆಮೇಲೆ ದಾರೀಲಿ ಹೋಗೋರನ್ನ ಕರೆದು ಅವರ ಕೈಲಿ ಓದಿಸೋದು. ಎರಡೂ ಒಂದೇ ಬರೋದು. ಆದ್ರೂ ನಂಬಿಕೆ ಬರಲಿಲ್ಲ. ಶನಿವಾರ ಕಣ್ಣು ತೋರಿಸ್ಕೊಂಡೆ. ಏನೂ ಆಗಿಲ್ಲ, ಕನ್ನಡಕ ಬೇಡ ಅಂದ್ರು ಡಾಕ್ಟ್ರು. ನಾನೇ ಹಟ ಮಾಡಿ ಮಾಡಿಸ್ಕೊಂಡೆ. ಅಂಗಡಿಯವನು ನಂಬರಿಲ್ಲದ ಗಾಜು ಹಾಕಿ ಕೊಟ್ಟ.”

ನಾನು ಕ್ಷಮೆ ಕೇಳಿದೆ. ಎರಡು ಸಲ ಕೇಳಿದೆ. ನಿಮ್ಮ ಕಣ್ಣು ಸರಿಯಾಗಿದೆ, ಇನ್ನು ಅದು ಬೇಡ ಎಂದೂ ಹೇಳಿದೆ.

“ಹೌದಾ” ಎಂದರು. ಆಮೇಲೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ಬಗ್ಗಿ ನೋಡುತ್ತ ಇಳಿದರು. ಕನ್ನಡಕ ತೆಗೆಯಲಿಲ್ಲ.